‘ಬೋರ್ಡ್ ಹೋಗಿದೆ’ ಅಂದರೆ ಏನು ಹೋಗಿದೆ, ಅದನ್ನು ಹೇಳಿ

ನಮ್ಮ ಬ್ಯಾಚಿನ ಗೆಳತಿಯೊಬ್ಬಳು ತಿಪಟೂರು ಕಡೆ ತಾಲೂಕು ವರದಿಗಾರ್ತಿ. ಕೊಬ್ಬರಿ ಖರೀದಿ ಕೇಂದ್ರದ ಮುಂದೆ ಸಾಲುಗಟ್ಟಿ ನಿಂತಿದ್ದ ರೈತರನ್ನು ಎರಡು ವಾರ ಮಾತನಾಡಿಸಿ ಒಂದು ದೊಡ್ಡ ವರದಿಗೆ ಸಾಮಗ್ರಿ ಕೂಡಿಸಿದ್ದಳು. ರೆಕಾರ್ಡಿಂಗು, ಫೋಟೋ, ರಶೀದಿಗಳ ಸ್ಕ್ಯಾನು ಎಲ್ಲವೂ ಇದ್ದದ್ದು ನಾಲ್ಕು ವರ್ಷದ ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಪುಟ್ಟ ದೀಪ ಹತ್ತಿತು, ಫ್ಯಾನ್ ಗುಂಯ್ ಅಂದಿತು, ಸ್ಕ್ರೀನ್ ಮಾತ್ರ ಕಪ್ಪು. ಮತ್ತೆ ಒತ್ತಿದಳು, ಮತ್ತೆ ಕಪ್ಪು.

ಜಿಲ್ಲಾ ಕೇಂದ್ರದ ಅಧಿಕೃತ ಸರ್ವಿಸ್ ಸೆಂಟರಿಗೆ ಬಸ್ಸು ಹತ್ತಿದಳು. ಟೋಕನ್ ತೆಗೆದುಕೊಂಡು ಎರಡು ಗಂಟೆ ಕಾದಳು. ಒಳಗೆ ಹೋದ ಲ್ಯಾಪ್‌ಟಾಪ್ ಹದಿನೈದು ನಿಮಿಷಕ್ಕೆ ಹೊರಗೆ ಬಂತು. ಜೊತೆಗೆ ತೀರ್ಪು: “ಬೋರ್ಡ್ ಹೋಗಿದೆ ಮೇಡಂ. ಇಪ್ಪತ್ತೊಂದು ಸಾವಿರ ಆಗುತ್ತೆ. ಡೇಟಾಗೆ ನಾವು ಗ್ಯಾರಂಟಿ ಕೊಡಲ್ಲ. ಹೊಸದು ತಗೊಳ್ಳೋದೇ ವಾಸಿ.” ಯಾಕೆ ಹೋಯಿತು ಎಂದು ಕೇಳಿದ್ದಕ್ಕೆ, “ಹಳ್ಳಿ ಕಡೆ ಕರೆಂಟ್ ಹಂಗೇ ಅಲ್ವಾ ಮೇಡಂ” ಎಂಬ ಉತ್ತರ. ಪರೀಕ್ಷೆ ಮಾಡಿದ್ದಕ್ಕೆ 500 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 590.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಲ್ಯಾಪ್‌ಟಾಪ್ ತಿರುವಿ ನೋಡಿದಳು. ಹಿಂಬದಿಯ ಸ್ಕ್ರೂ ಮೇಲಿದ್ದ ಸ್ಟಿಕ್ಕರ್ ಹರಿದಿರಲಿಲ್ಲ. ಫ್ಯಾನಿನ ಕಿಂಡಿಯಲ್ಲಿ ಕೂತಿದ್ದ ಧೂಳೂ ಅಲುಗಿರಲಿಲ್ಲ. ಅಂದರೆ ಮುಚ್ಚಳ ತೆಗೆಯದೆಯೇ ಮರಣ ಪ್ರಮಾಣಪತ್ರ ಬರೆದಿದ್ದರು.

ಊರಿನ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಸಂಜೆ ಅಲ್ಲಿಗೆ ಹೋಗಿ, “ಅಣ್ಣ, ಬೋರ್ಡ್ ಹೋಗಿದೆಯಂತೆ” ಎಂದಳು. “ಹೋಗಿದ್ರೆ ಹೋಗಿರ್ಲಿ, ಮೊದ್ಲು ಬಿಚ್ಚಿ ನೋಡಣ ಇರಕ್ಕ” ಅಂದ ಆತ, ಬ್ಯಾಟರಿಯ ಸಂಪರ್ಕ ತೆಗೆದು ಎರಡು ರ‍್ಯಾಮ್ ಪಟ್ಟಿಗಳನ್ನೂ ಕಿತ್ತ. ಒಂದನ್ನು ಹಾಕಿ ನೋಡಿದ, ಕಪ್ಪು. ಅದನ್ನು ತೆಗೆದು ಇನ್ನೊಂದನ್ನು ಹಾಕಿದ. ಒಂದು ನಿಮಿಷ ಏನೂ ಇಲ್ಲ, ಆಮೇಲೆ ಪರದೆ ಬೆಳಗಿತು. ಕೆಟ್ಟಿದ್ದು ಒಂದು ರ‍್ಯಾಮ್ ಪಟ್ಟಿ. ಆತ ತೆಗೆದುಕೊಂಡದ್ದು ಮುನ್ನೂರು ರೂಪಾಯಿ.

ಒಂದು ಘಟನೆಯಿಂದ ಎಲ್ಲ ಸರ್ವಿಸ್ ಸೆಂಟರುಗಳೂ ಮೋಸದವು ಎಂದು ನಾನು ಹೇಳುತ್ತಿಲ್ಲ. ನಿಜವಾಗಿಯೂ ಬೋರ್ಡ್ ಸುಟ್ಟುಹೋದ ಯಂತ್ರಗಳಿರುತ್ತವೆ. ನನ್ನ ತಕರಾರು ಬೇರೆ. ‘ಬೋರ್ಡ್ ಹೋಗಿದೆ’ ಎನ್ನುವುದು ರೋಗದ ಹೆಸರೇ ಅಲ್ಲ. ‘ಮನುಷ್ಯನಿಗೆ ಹುಷಾರಿಲ್ಲ’ ಎಂದ ಹಾಗೆ ಅದು. ಲ್ಯಾಪ್‌ಟಾಪಿನ ಬೋರ್ಡ್ ಮೇಲೆ ನೂರಾರು ಬಿಡಿಭಾಗಗಳಿವೆ: ಚಾರ್ಜರಿನ ಕರೆಂಟನ್ನು ಒಳಗೆ ಬಿಡುವ ಮಾಸ್ಫೆಟ್‌ಗಳು, ಸಾಸಿವೆ ಕಾಳಿನಷ್ಟು ಚಿಕ್ಕ ಕೆಪಾಸಿಟರ್‌ಗಳು, ಬಯಾಸ್ ಇಟ್ಟುಕೊಂಡ ಎಂಟು ಕಾಲಿನ ಚಿಪ್, ಪ್ರೊಸೆಸರ್. ಇವುಗಳಲ್ಲಿ ಯಾವುದು ಹೋಗಿದೆ? ಯಾವ ಅಳತೆಯಿಂದ ಗೊತ್ತಾಯಿತು? ಇದಕ್ಕೆ ಉತ್ತರ ಇಲ್ಲದೆ ಇಪ್ಪತ್ತೊಂದು ಸಾವಿರ ಕೇಳುವುದು ಪರೀಕ್ಷೆ ಅಲ್ಲ, ವ್ಯಾಪಾರ.

ನಾವು ಪತ್ರಿಕೋದ್ಯಮ ಓದಿದವರು. ‘ಬಲ್ಲ ಮೂಲಗಳ ಪ್ರಕಾರ’ ಎಂದು ಬರೆದುಕೊಂಡು ಹೋದರೆ ಯಾವ ಮೂಲ, ಎರಡನೆಯವರು ಯಾರು, ದಾಖಲೆ ಎಲ್ಲಿ ಎಂದು ಮೇಷ್ಟ್ರು ಕಾಪಿ ಮೇಲೆ ಕೆಂಪು ಶಾಯಿ ಎಳೆಯುತ್ತಿದ್ದರು. ಗ್ರಾಮ ಪಂಚಾಯಿತಿ ಅಧ್ಯಕ್ಷರು ‘ಬಿಲ್ ಪಾಸಾಗಿದೆ’ ಎಂದರೆ ಮಾಪನ ಪುಸ್ತಕ ತೋರಿಸಿ ಎನ್ನುವ ನಾವು, ಸರ್ವಿಸ್ ಸೆಂಟರಿನ ಕೌಂಟರ್ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇವೆ. ಒಬ್ಬನೇ ಮೂಲ, ದಾಖಲೆ ಇಲ್ಲ, ಲಾಭ ಯಾರಿಗೆ ಎಂಬುದು ಕಣ್ಣಿಗೆ ಕಾಣುತ್ತಿದೆ. ಇಂಥ ಸುದ್ದಿಯನ್ನು ನಾವು ಅಚ್ಚಿಗೆ ಕಳಿಸುವುದಿಲ್ಲ. ಆದರೆ ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತೇವೆ.

ಹಾಗಾದರೆ ಪರಿಶೀಲನೆ ಹೇಗೆ? ಇಂಜಿನಿಯರ್ ಆಗಬೇಕಿಲ್ಲ. ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಂತ್ರಕ್ಕೆ ಜೀವವೇ ಬರುತ್ತಿಲ್ಲವೋ, ಜೀವ ಬಂದೂ ಮುಖ ತೋರಿಸುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆ. ‘ಆನ್ ಆಗ್ತಿಲ್ಲ’ ಎಂದು ಎರಡನ್ನೂ ಒಂದೇ ಮಾತಲ್ಲಿ ಹೇಳಿಬಿಡುವುದರಿಂದಲೇ ಅರ್ಧ ಮೋಸಕ್ಕೆ ನಾವೇ ದಾರಿ ಮಾಡಿಕೊಡುತ್ತೇವೆ.

ದೀಪವಿಲ್ಲ, ಫ್ಯಾನಿಲ್ಲ, ಸದ್ದಿಲ್ಲ ಎಂದಾದರೆ ಹೊರಗಿನಿಂದ ಒಳಗೆ ಬನ್ನಿ. ಗೋಡೆಯ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿ ಅಲ್ಲಿ ಕರೆಂಟ್ ಇದೆಯೇ ನೋಡಿ. ಗೋಡೆಯಿಂದ ಅಡಾಪ್ಟರಿಗೆ ಬರುವ ವೈರನ್ನು ಬದಲಿಸಿ ನೋಡಿ, ಅದು ನೂರು–ಇನ್ನೂರು ರೂಪಾಯಿಯ ವಸ್ತು. ದುಂಡು ಪಿನ್ನಿನ ಚಾರ್ಜರ್ ಆದರೆ ಯಾವ ಎಲೆಕ್ಟ್ರಿಕ್ ಅಂಗಡಿಯವನೂ ಮಲ್ಟಿಮೀಟರ್ ಇಟ್ಟು ಹೇಳಬಲ್ಲ: ಚಾರ್ಜರ್ ಮೇಲೆ 19.5 ವೋಲ್ಟ್ ಎಂದು ಬರೆದಿದ್ದರೆ ಮೀಟರಿನಲ್ಲಿ ಅದರ ಆಸುಪಾಸು ಬರಬೇಕು. ಟೈಪ್-ಸಿ ಚಾರ್ಜರನ್ನು ಮಾತ್ರ ಹೀಗೆ ಅಳೆಯಲಾಗದು. ಲ್ಯಾಪ್‌ಟಾಪ್ ಜೊತೆ ಮಾತಾಡಿಕೊಂಡ ಮೇಲಷ್ಟೇ ಅದು ಪೂರ್ತಿ ವೋಲ್ಟೇಜ್ ಕೊಡುತ್ತದೆ, ಹಾಗಾಗಿ ಅಷ್ಟೇ ವ್ಯಾಟಿನ ಇನ್ನೊಂದನ್ನು ಹಾಕಿ ನೋಡುವುದೇ ಪರೀಕ್ಷೆ. ಆಮೇಲೆ ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯುತ್ತದೆ. ಬಳಿಕ ಬರೀ ಚಾರ್ಜರ್ ಹಾಕಿ ಆನ್ ಮಾಡಿ. ‘ಸತ್ತ’ ಎಷ್ಟೋ ಲ್ಯಾಪ್‌ಟಾಪ್‌ಗಳು ಇಲ್ಲೇ ಎದ್ದು ಕೂರುತ್ತವೆ. ಪಿನ್ ಚುಚ್ಚುವ ಜಾಗ ಅಲ್ಲಾಡುತ್ತಿದ್ದರೆ ಹೋಗಿರುವುದು ಆ ಜ್ಯಾಕ್ ಇರಬಹುದು. ಹಲವು ಮಾದರಿಗಳಲ್ಲಿ ಅದು ಬೋರ್ಡಿಗೆ ವೈರಿನಿಂದ ಕೂಡಿದ ಬೇರೆಯೇ ತುಂಡು, ಬೋರ್ಡ್ ಮುಟ್ಟದೆ ಬದಲಿಸಬಹುದು.

ದೀಪ ಇದೆ, ಫ್ಯಾನ್ ಇದೆ, ಪರದೆ ಕಪ್ಪು ಎಂದಾದರೆ ಕತ್ತಲ ಕೋಣೆಗೆ ಒಯ್ದು ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಯಂತ್ರ ನಡೆಯುತ್ತಿದೆ, ಹೋಗಿರುವುದು ಪರದೆಯ ಹಿಂದಿನ ಬೆಳಕು ಅಥವಾ ಅದಕ್ಕೆ ಕರೆಂಟ್ ಒಯ್ಯುವ ದಾರಿ. ಎಚ್‌ಡಿಎಂಐ ವೈರಿನಿಂದ ಮನೆಯ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದರೆ ತೊಂದರೆ ಪರದೆಯದೋ, ಕೀಲಿನೊಳಗೆ ಹಾದುಹೋಗುವ ಕೇಬಲಿನದೋ. ಮುಚ್ಚಳ ತೆರೆದು ಮುಚ್ಚುವಾಗ ಚಿತ್ರ ಬಂದು ಹೋಗುತ್ತಿದ್ದರೆ ಆ ಕೇಬಲ್ ಮೇಲೇ ಮೊದಲ ಅನುಮಾನ. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಸಾಮಾನ್ಯವಾಗಿ ಒಳಗೆ ಎಲ್ಲ ಎಚ್ಚರವಾಗಿದೆ ಎಂದೇ ಅರ್ಥ. ವಿಂಡೋಸ್ ಆದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಡಿಸ್ಪ್ಲೇ ಡ್ರೈವರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕ್ಯಾಪ್ಸ್ ಲಾಕಿನ ದೀಪವೂ ಅಲುಗದಿದ್ದರೆ ಯಂತ್ರ ಹೊಸಿಲಲ್ಲೇ ಮುಗ್ಗರಿಸಿದೆ. ಆಗ ಮೊದಲು ನೋಡಬೇಕಾದ್ದು ರ‍್ಯಾಮ್, ಆಮೇಲೆ ಬಯಾಸ್.

ಇನ್ನೊಂದು ಮಾತು. ದೀಪ ಮೂರು ಸಲ ಮಿನುಗಿ ನಿಂತು ಮತ್ತೆ ನಾಲ್ಕು ಸಲ ಮಿನುಗುವುದು, ಬೀಪ್ ಬೀಪ್ ಎನ್ನುವುದು ಹುಚ್ಚಾಟವಲ್ಲ. ತನಗೆ ಎಲ್ಲಿ ನೋವು ಎಂದು ಯಂತ್ರ ಹೇಳುತ್ತಿದೆ. ಆ ಲೆಕ್ಕದ ಅರ್ಥವನ್ನು ಹಲವು ಕಂಪನಿಗಳು ಮಾದರಿವಾರು ಪ್ರಕಟಿಸಿರುತ್ತವೆ. ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಕೌಂಟರಿನಲ್ಲಿ ಅದೇ ನಿಮ್ಮ ದಾಖಲೆ.

ಈಗ ‘ಹಳ್ಳಿ ಕರೆಂಟ್’ ಎಂಬ ಮಾತಿಗೆ ಬರೋಣ. ನಿಮ್ಮ ಲ್ಯಾಪ್‌ಟಾಪ್ ಚಾರ್ಜರನ್ನು ತಿರುವಿ ನೋಡಿ, ಬಹುತೇಕ ಎಲ್ಲದರ ಮೇಲೂ 100–240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗಿ ಬಲ್ಬು ಮಂಕಾದರೆ ಚಾರ್ಜರಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಸಿಡಿಲಿನಿಂದ, ನ್ಯೂಟ್ರಲ್ ಕಡಿದು ವೋಲ್ಟೇಜ್ ಏಕಾಏಕಿ ಏರುವುದರಿಂದ ಅಪಾಯ ಉಂಟು. ಮಳೆಗಾಲದ ಮುಂಚಿನ ಗುಡುಗಿನಲ್ಲಿ ಪ್ಲಗ್ ಕಿತ್ತಿಡಿ, ಮನೆಗೆ ಸರಿಯಾದ ಅರ್ಥಿಂಗ್ ಮಾಡಿಸಿ. ಆದರೆ ಹಾಗೆ ಏರಿದಾಗ ಸಾಮಾನ್ಯವಾಗಿ ಮೊದಲ ಪೆಟ್ಟು ಬೀಳುವುದು ಚಾರ್ಜರಿಗೆ. ಚಾರ್ಜರ್ ನೆಟ್ಟಗಿದ್ದು, ಫ್ಯಾನ್ ತಿರುಗುತ್ತಿದ್ದು, ಯಂತ್ರವನ್ನು ಬಿಚ್ಚದೆಯೇ ‘ನಿಮ್ಮೂರ ಕರೆಂಟ್ ಕೊಂದಿತು’ ಎಂದರೆ ಅದು ತಾಂತ್ರಿಕ ಅಭಿಪ್ರಾಯವಲ್ಲ. ನಾವು ಎಲ್ಲಿಂದ ಬಸ್ಸು ಹತ್ತಿ ಬಂದಿದ್ದೇವೆ ಎಂದು ನೋಡಿ ಹೇಳಿದ ಮಾತು.

ಸರ್ವಿಸ್ ಸೆಂಟರಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮಂಥ ಊರುಗಳಿಂದಲೇ ಬಂದು ಕಡಿಮೆ ಸಂಬಳಕ್ಕೆ ದುಡಿಯುವವರು. ಅಲ್ಲಿಯ ಕೆಲಸದ ಪದ್ಧತಿಯೇ ಬಿಡಿಭಾಗ ಸರಿಮಾಡುವುದಲ್ಲ, ಇಡೀ ಬೋರ್ಡ್ ತೆಗೆದು ಇನ್ನೊಂದು ಕೂರಿಸುವುದು. ಎರಡು ರೂಪಾಯಿಯ ಕೆಪಾಸಿಟರ್ ಶಾರ್ಟ್ ಆಗಿದ್ದರೂ ಇಪ್ಪತ್ತು ಸಾವಿರದ ಬೋರ್ಡ್ ಬದಲಾಗುತ್ತದೆ. ಬೋರ್ಡಿನ ನಕ್ಷೆಯನ್ನು, ಅಂದರೆ ಯಾವ ದಾರಿಯಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ತೋರಿಸುವ ಸ್ಕೀಮ್ಯಾಟಿಕ್ಕನ್ನು ಬಹುತೇಕ ಕಂಪನಿಗಳು ಹೊರಗಿನವರಿಗೆ ಕೊಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲೂಕು ಬಸ್‌ಸ್ಟ್ಯಾಂಡಿನವರೆಗೆ ಮೈಕ್ರೋಸ್ಕೋಪ್ ಕೆಳಗೆ ಬೋರ್ಡ್ ಇಟ್ಟು ಜೀವ ಕೊಡುವ ಕೈಗಳಿವೆ. ಅವರು ಆ ನಕ್ಷೆಯನ್ನು ಮೊಬೈಲ್ ಗುಂಪುಗಳಲ್ಲಿ ಕದ್ದುಮುಚ್ಚಿ ಹಂಚಿಕೊಂಡು ಕೆಲಸ ಮಾಡಬೇಕು. ರಿಪೇರಿ ಗೊತ್ತಿರುವವನ ಕೈಗೆ ನಕ್ಷೆ ಸಿಗುವುದಿಲ್ಲ, ಬೋರ್ಡ್ ಮಾರುವವನು ರಿಪೇರಿ ಮಾಡುವುದಿಲ್ಲ. ನಡುವೆ ಸಿಕ್ಕಿಕೊಂಡವರು ನಾವು.

ಇದು ಲ್ಯಾಪ್‌ಟಾಪಿನ ಕಥೆ ಮಾತ್ರವಲ್ಲ ಎಂಬುದು ಟ್ರ್ಯಾಕ್ಟರ್ ಇಟ್ಟುಕೊಂಡ ರೈತರಿಗೆ ಗೊತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕಿ’ನ ಬಗ್ಗೆ ಸಮಿತಿ ಮಾಡಿದಾಗ ಆರಿಸಿಕೊಂಡ ವಲಯಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಒಂದು ಪೋರ್ಟಲ್ ಕೂಡ ಬಂತು. ಒಳ್ಳೆಯದೇ. ಆದರೆ ಪೋರ್ಟಲ್ ಎಂದರೆ ಕಾನೂನಲ್ಲ. ಮನಸ್ಸಿದ್ದ ಕಂಪನಿ ಮಾಹಿತಿ ಹಾಕುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬ ಅಂಕವನ್ನು ಹತ್ತಕ್ಕೆ ಇಷ್ಟು ಎಂದು ತೋರಿಸಲೇಬೇಕು ಎಂದಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎಲೆಕ್ಟ್ರಾನಿಕ್ ಸಾಧನಗಳ ರಿಪೇರಿ ಮಾಹಿತಿ, ಬಿಡಿಭಾಗಗಳನ್ನು ಹೊರಗಿನವರಿಗೂ ಕೊಡಬೇಕೆನ್ನುವ ಕಾನೂನು 2023ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಕೊಲೊರಾಡೊ ರಾಜ್ಯದ ರೈತರು ತಮ್ಮ ಟ್ರ್ಯಾಕ್ಟರುಗಳಿಗೆ ಇಂಥದ್ದೇ ಕಾನೂನನ್ನು 2024ರ ಜನವರಿಯಿಂದ ಪಡೆದರು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವಾ ನ್ಯೂನತೆ’ಯ ವ್ಯಾಖ್ಯೆ ಓದಿ. ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರೊಳಗೆ ಬರುತ್ತದೆ. ಸೇವೆಗೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿದೆ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಬಹುದು. ಆದರೆ ಇದೆಲ್ಲಕ್ಕೂ ಕೈಯಲ್ಲಿ ಕಾಗದ ಬೇಕು. 590 ರೂಪಾಯಿ ಕೊಟ್ಟಿದ್ದೀರಿ ತಾನೆ, ಏನು ಪರೀಕ್ಷೆ ಮಾಡಿದಿರಿ, ಯಾವ ಭಾಗ ಕೆಟ್ಟಿದೆ ಎಂದು ಬರೆದುಕೊಡಿ ಎನ್ನಿ. ಬದಲಿಸಿದರೆ ಹಳೆಯ ಬೋರ್ಡನ್ನು ನನಗೇ ವಾಪಸ್ ಕೊಡಿ ಎನ್ನಿ. ಬರೆದುಕೊಡಬೇಕು ಎಂದ ಕೂಡಲೇ ‘ಇನ್ನೊಂದ್ಸಲ ಚೆಕ್ ಮಾಡ್ತೀವಿ ಇರಿ’ ಎಂಬ ಮಾತು ಹೊರಡಬಹುದು. ಹಾಗೆ ಹೊರಟರೆ ಮೊದಲ ಸಲದ ಚೆಕ್ ಎಂಥದ್ದು ಎಂದು ನಿಮಗೇ ಗೊತ್ತಾಗುತ್ತದೆ.

ಇನ್ನು ಡೇಟಾ. ‘ಡೇಟಾಗೆ ಗ್ಯಾರಂಟಿ ಇಲ್ಲ’ ಎಂಬ ಮಾತು ಕೇಳಿ ನನ್ನ ಗೆಳತಿ ಬಸ್ಸಿನಲ್ಲಿ ಅತ್ತಿದ್ದಳು. ರೈತರ ಮಾತು ಹೋಯಿತು ಎಂದುಕೊಂಡಿದ್ದಳು. ಬೋರ್ಡ್ ನಿಜವಾಗಿಯೂ ಹೋಗಿದ್ದರೂ ಅವಳ ಕಡತಗಳು ಇದ್ದದ್ದು ಬೋರ್ಡಿನಲ್ಲಲ್ಲ, ಅದಕ್ಕೆ ಸಿಕ್ಕಿಸಿದ ಹಾರ್ಡ್‌ಡಿಸ್ಕಿನಲ್ಲಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನೋ ಎಸ್‌ಎಸ್‌ಡಿಯನ್ನೋ ಬಿಚ್ಚಿ, ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯಬಹುದು. ಸ್ಟೋರೇಜನ್ನು ಬೋರ್ಡಿಗೇ ಬೆಸೆದ ಮಾದರಿಗಳಲ್ಲಿ ಇದು ಆಗದು. ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಬಹಳ ಸಲ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಯಂತ್ರ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಿ. ಇಷ್ಟನ್ನು ಹೇಳಲು ಕೌಂಟರಿನವರಿಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ.

‘ಎಲ್ಲರೂ ಸ್ಕ್ರೂಡ್ರೈವರ್ ಹಿಡಿದರೆ ಯಂತ್ರ ಹಾಳಾಗುತ್ತೆ’ ಎನ್ನುವವರಿಗೆ ಒಂದು ಉತ್ತರ. ಹೌದು, ಕೆಲವನ್ನು ಮುಟ್ಟಬಾರದು. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ. ಅದು ಬೆಂಕಿ. ಚಹಾ ಚೆಲ್ಲಿದ್ದರೆ ಆನ್ ಮಾಡಿ ನೋಡುವ ಚಪಲ ಬೇಡ, ಆರಿಸಿ ಬ್ಯಾಟರಿ ಬಿಡಿಸಿ ತಿಳಿದವರಿಗೆ ಕೊಡಿ. ವಾರಂಟಿ ಇರುವ ಯಂತ್ರವನ್ನು ಬಿಚ್ಚುವ ಮೊದಲು ವಾರಂಟಿ ಕಾಗದ ಓದಿ. ಸುಟ್ಟ ಪ್ರೊಸೆಸರನ್ನು ಬಸ್‌ಸ್ಟ್ಯಾಂಡಿನ ಅಣ್ಣನೂ ಬದುಕಿಸಲಾರ, ಅವನೂ ಒಮ್ಮೊಮ್ಮೆ ತಪ್ಪು ಹೇಳುತ್ತಾನೆ. ಆದರೆ ನಾನು ಕೇಳುತ್ತಿರುವುದು ಎಲ್ಲರೂ ರಿಪೇರಿ ಮಾಡಿ ಎಂದಲ್ಲ. ಎಲ್ಲರೂ ಪ್ರಶ್ನೆ ಕೇಳಿ ಎಂದು. ಬೋರ್‌ವೆಲ್ ಮೋಟಾರ್ ನಿಂತರೆ ಮೆಕ್ಯಾನಿಕ್ ‘ಮೋಟಾರ್ ಹೋಗಿದೆ’ ಎಂದಾಕ್ಷಣ ನಮ್ಮ ಅಪ್ಪಂದಿರು ಹೊಸ ಮೋಟಾರ್ ತರುತ್ತಾರೆಯೇ? ಸ್ಟಾರ್ಟರ್ ನೋಡುತ್ತಾರೆ, ಫ್ಯೂಸ್ ನೋಡುತ್ತಾರೆ, ಕೇಬಲ್ ನೋಡುತ್ತಾರೆ, ಕಾಯಿಲ್ ಸುಟ್ಟಿದೆ ಎಂದರೆ ಸುಟ್ಟ ಕಾಯಿಲ್ ತೋರಿಸು ಎನ್ನುತ್ತಾರೆ. ಅವರ ಮಕ್ಕಳಾದ ನಾವು ಡಿಗ್ರಿ ಪಡೆದು ಈ ಬುದ್ಧಿಯನ್ನು ಕಳೆದುಕೊಂಡೆವು.

ಇದರಲ್ಲಿ ನಮ್ಮ ಓದಿನ ಪಾಲೂ ಇದೆ. ನುಡಿಯಲ್ಲಿ ಟೈಪ್ ಮಾಡುವುದು, ಪುಟ ವಿನ್ಯಾಸ, ವಿಡಿಯೋ ಎಡಿಟಿಂಗ್ ಎಲ್ಲ ಕಲಿತೆವು. ಅದೇ ಯಂತ್ರ ಮುಚ್ಚಿಕೊಂಡರೆ ಏನು ಮಾಡಬೇಕೆಂದು ಒಂದು ದಿನವೂ ಯಾರೂ ಹೇಳಿಕೊಡಲಿಲ್ಲ. ಪತ್ರಿಕೋದ್ಯಮ ವಿಭಾಗಗಳು ವರ್ಷಕ್ಕೆ ಒಂದು ದಿನ ಊರಿನ ರಿಪೇರಿ ಅಂಗಡಿಯವರನ್ನು ಕರೆಸಿ, ಕೆಟ್ಟ ನಾಲ್ಕು ಲ್ಯಾಪ್‌ಟಾಪ್ ಮುಂದಿಟ್ಟು ಬಿಚ್ಚಿ ತೋರಿಸಲಿ. ಗೌರವಧನ ಕೊಟ್ಟು, ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿ.

ಜಗತ್ತು 2022ರ ಒಂದೇ ವರ್ಷದಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿಸಿತು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ. ಒಂದು ರ‍್ಯಾಮ್ ಪಟ್ಟಿ ಕೆಟ್ಟಿದ್ದ ನನ್ನ ಗೆಳತಿಯ ಲ್ಯಾಪ್‌ಟಾಪ್ ಕೂಡ ಆ ರಾಶಿಗೆ ಸೇರುವುದರಲ್ಲಿತ್ತು.

ಅದು ಈಗ ಅರ್ಧ ರ‍್ಯಾಮಿನಲ್ಲಿ ನಿಧಾನವಾಗಿ ನಡೆಯುತ್ತಿದೆ. ವರದಿ ಬರೆದು ಕಳಿಸಿದ್ದಾಳೆ. ರೆಕಾರ್ಡಿಂಗುಗಳ ಇನ್ನೊಂದು ಪ್ರತಿ ಈಗ ಪೆನ್‌ಡ್ರೈವಿನಲ್ಲಿದೆ. ಮುಂದಿನ ವಾರ ಜಿಲ್ಲಾ ಕೇಂದ್ರಕ್ಕೆ ಹೋಗುವ ಕೆಲಸವಿದೆಯಂತೆ. 590 ರೂಪಾಯಿಯ ಬಿಲ್ ಹಿಡಿದು ಅದೇ ಕೌಂಟರಿಗೆ ಹೋಗಿ ಬೋರ್ಡಿನಲ್ಲಿ ಏನು ಹೋಗಿತ್ತು ಎಂದು ಕೇಳುತ್ತೇನೆ ಅಂದಿದ್ದಾಳೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇವೆ. ಬಾರದಿದ್ದರೆ ಅದನ್ನೂ ಬರೆಯುತ್ತೇವೆ.